ಪವಿತ್ರೀಕರಣ, ಸತ್ಕ್ರಿಯೆ ಮತ್ತು ದೇವರ ಧರ್ಮಶಾಸ್ತ್ರ: ಲೂಥರನ್ ಬೋಧನೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಳಗಿನ ಉತ್ತರಗಳಿಗೆ ಆಧಾರ ಲೂಥರನ್ ಸಭೆಗಳ ವಿಶ್ವಾಸದ ಅರಿಕೆಗಳು: ಹದಿನಾರನೆಯ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಬರೆದ ಚಿಕ್ಕ ಮತ್ತು ದೊಡ್ಡ ಕ್ಯಾಟಿಕಿಸಂಗಳು, ಅಂದರೆ ನಂಬಿಕೆಯನ್ನು ಕಲಿಸುವ ಕೈಪಿಡಿಗಳು (1529), ಆಗ್ಸ್‌ಬರ್ಗ್ ಅರಿಕೆ (1530), ಅದರ ಸಮರ್ಥನೆ (1531), ಸ್ಮಾಲ್ಕಾಲ್ಡ್ ವಿಧಿಗಳು (1537), ಕಾಂಕಾರ್ಡ್ ಸೂತ್ರ (1577). 1580ರಲ್ಲಿ ಇವೆಲ್ಲ ಒಂದೇ ಸಂಪುಟವಾಗಿ ಹೊರಬಂದವು. ಕಾಂಕಾರ್ಡ್ ಸೂತ್ರವನ್ನು ಎಲ್ಲ ಲೂಥರನ್ ಸಭೆಗಳೂ ಅಂಗೀಕರಿಸಿಲ್ಲ. ಆದರೆ ಈ ವಿಷಯದಲ್ಲಿ ಅದರಷ್ಟು ಬಿಡಿಸಿ ಹೇಳುವ ಇನ್ನೊಂದು ಅರಿಕೆ ಇಲ್ಲ.

ನೀತೀಕರಣಕ್ಕೂ ಪವಿತ್ರೀಕರಣಕ್ಕೂ ಏನು ವ್ಯತ್ಯಾಸ?

ನೀತೀಕರಣ ದೇವರ ತೀರ್ಪು. ಪಾಪಿಯನ್ನು ದೇವರು ಕ್ರಿಸ್ತನ ನಿಮಿತ್ತ ನೀತಿವಂತನೆಂದು ನಿರ್ಣಯಿಸುತ್ತಾನೆ; ಕ್ರಿಸ್ತನ ವಿಧೇಯತೆಯನ್ನೂ ಮರಣವನ್ನೂ ಅವನ ಲೆಕ್ಕಕ್ಕೆ ಎಣಿಸುತ್ತಾನೆ. ಅವನು ಅದನ್ನು ನಂಬಿಕೆಯಿಂದ ಪಡೆದುಕೊಳ್ಳುತ್ತಾನೆ, ಅಷ್ಟೇ. ಈ ತೀರ್ಪು ಒಂದೇ ಸಲಕ್ಕೆ ಪೂರ್ಣ, ಅದರಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ. ನಿನ್ನೆ ನಂಬಿದವನೂ ಐವತ್ತು ವರ್ಷ ನಂಬಿಕೆಯಲ್ಲಿ ಬಾಳಿದವನೂ ದೇವರ ಮುಂದೆ ಸಮಾನವಾಗಿ ನೀತಿವಂತರು.

ಪವಿತ್ರೀಕರಣವೆಂದರೆ ಹಾಗೆ ಕ್ಷಮೆ ಪಡೆದವನೊಳಗೆ ಪವಿತ್ರಾತ್ಮನು ಆರಂಭಿಸುವ ಹೊಸ ಜೀವ. ಇದು ನಮ್ಮೊಳಗೆ ನಡೆಯುತ್ತದೆ. ಇದರಲ್ಲಿ ಏರಿಳಿತ ಇದೆ, ಬೆಳವಣಿಗೆ ಇದೆ, ಸಾಯುವ ತನಕ ಇದು ಮುಗಿಯುವುದಿಲ್ಲ.

ಎರಡನ್ನೂ ಒಂದರಿಂದೊಂದು ಕಿತ್ತು ಬೇರೆ ಮಾಡಲಾಗದು, ಒಂದರೊಳಗೊಂದು ಕಲಸಲೂಬಾರದು. ಆಂಡ್ರಿಯಾಸ್ ಒಸಿಯಾಂಡರ್ ಎಂಬ ದೇವಶಾಸ್ತ್ರಜ್ಞರು ನಮ್ಮ ನೀತಿಯೆಂದರೆ ನಮ್ಮೊಳಗೆ ವಾಸಿಸುವ ಕ್ರಿಸ್ತನ ದೈವಸ್ವಭಾವವೇ ಎಂದು ಕಲಿಸಿದರು. ಕಾಂಕಾರ್ಡ್ ಸೂತ್ರದ ಮೂರನೆಯ ವಿಧಿ ಅದನ್ನು ತಳ್ಳಿಹಾಕಿತು. ಕ್ರಿಸ್ತನು ನಂಬುವವರಲ್ಲಿ ವಾಸಿಸುತ್ತಾನೆಂಬುದನ್ನು ಅದು ಅಲ್ಲಗಳೆಯಲಿಲ್ಲ. ಆ ವಾಸ ಕ್ಷಮೆಯ ನಂತರ ಬರುತ್ತದೆ, ಕ್ಷಮೆಗೆ ಆಧಾರವಾಗುವುದಿಲ್ಲ ಎಂದಿತು. ಇದು ಪಂಡಿತರ ಕೂದಲು ಸೀಳುವ ವಾದವಲ್ಲ. ನನ್ನ ನೀತಿ ನನ್ನೊಳಗಿನ ಬದಲಾವಣೆಯಲ್ಲಿದೆ ಎಂದಾದರೆ, ಕಳವಳಗೊಂಡ ಮನಸ್ಸಾಕ್ಷಿ ಒಳಗೆ ನೋಡಿಕೊಳ್ಳಬೇಕಾಗುತ್ತದೆ; ಅಲ್ಲಿ ಅದಕ್ಕೆ ಸಾಕಷ್ಟು ನೀತಿ ಎಂದೂ ಸಿಗುವುದಿಲ್ಲ.

ಚಿಕ್ಕ ಕ್ಯಾಟಿಕಿಸಂನಲ್ಲಿ ‘ಪವಿತ್ರೀಕರಣ’ ಎಂಬ ಮಾತು ಇದಕ್ಕಿಂತ ವಿಶಾಲವಾಗಿ ಕಾಣುತ್ತದಲ್ಲ?

ಹೌದು. ವಿಶ್ವಾಸಪ್ರಮಾಣದ (ಸಭೆ ಒಟ್ಟಾಗಿ ಹೇಳುವ ನಂಬಿಕೆಯ ಸಾರದ) ಮೂರನೆಯ ಭಾಗವನ್ನು ವಿವರಿಸುವಾಗ ಲೂಥರ್ ಪವಿತ್ರಾತ್ಮನ ಎಲ್ಲ ಕೆಲಸವನ್ನೂ ಆ ಹೆಸರಿನಡಿ ತರುತ್ತಾರೆ: ಸುವಾರ್ತೆಯಿಂದ (ಕ್ರಿಸ್ತನ ಶುಭಸಂದೇಶದಿಂದ) ಕರೆಯುವುದು, ನಂಬಿಕೆ ಹುಟ್ಟಿಸುವುದು, ಸಭೆಯಲ್ಲಿ ಸೇರಿಸುವುದು, ಪ್ರತಿದಿನ ಪಾಪ ಕ್ಷಮಿಸುವುದು, ಕಡೇ ದಿನ ಎಬ್ಬಿಸುವುದು. ಇದು ವಿಶಾಲ ಅರ್ಥ. ನಂಬಿಕೆಯ ನಂತರದ ಹೊಸ ಬಾಳುವೆ ಮಾತ್ರ ಎಂಬುದು ಸೀಮಿತ ಅರ್ಥ. ಓದುವಾಗ ಯಾವ ಅರ್ಥ ಎಂದು ನೋಡಿಕೊಳ್ಳದಿದ್ದರೆ ಪವಿತ್ರೀಕರಣದಿಂದಲೇ ರಕ್ಷಣೆ ಎಂಬ ತಪ್ಪು ತೀರ್ಮಾನಕ್ಕೆ ಬರುವುದು ಸುಲಭ. ಕೆಳಗೆ ಎಲ್ಲೆಡೆ ಸೀಮಿತ ಅರ್ಥವನ್ನೇ ಬಳಸಿದ್ದೇವೆ.

ಕ್ರಿಯೆಗಳಿಂದ ರಕ್ಷಣೆ ಇಲ್ಲವೆಂದಮೇಲೆ ಒಳ್ಳೆಯದನ್ನು ಯಾಕೆ ಮಾಡಬೇಕು?

ಈ ಪ್ರಶ್ನೆಯೊಳಗೇ ಒಂದು ಊಹೆ ಅಡಗಿದೆ: ಒಳ್ಳೆಯದನ್ನು ಮಾಡಲು ನನಗೇ ಏನಾದರೂ ಲಾಭವಿರಬೇಕು ಎಂಬುದು. ಲೂಥರನ್ ಬೋಧನೆ ಅಲ್ಲಿಗೇ ಕೈಹಾಕುತ್ತದೆ. ರಕ್ಷಣೆ ಆಗಲೇ ದೊರೆತಿರುವುದರಿಂದ, ನನ್ನ ಕೈಕೆಲಸ ಇನ್ನು ಮೇಲೆ ದೇವರ ಹತ್ತಿರ ಏನನ್ನೂ ಸಂಪಾದಿಸಬೇಕಾಗಿಲ್ಲ. ಅದು ಪೂರ್ತಿಯಾಗಿ ನೆರೆಯವನ ಪಾಲಿಗೆ ಸಿಗುತ್ತದೆ. 1520ರಲ್ಲಿ ಕ್ರೈಸ್ತನ ಸ್ವಾತಂತ್ರ್ಯದ ಬಗ್ಗೆ ಬರೆದ ಕಿರುಹೊತ್ತಗೆಯಲ್ಲಿ ಲೂಥರ್ ಇದನ್ನು ಎರಡು ಮಾತಿನಲ್ಲಿ ಇಟ್ಟರು: ಕ್ರೈಸ್ತನು ನಂಬಿಕೆಯಲ್ಲಿ ಯಾರಿಗೂ ಅಧೀನನಲ್ಲದ ಒಡೆಯ, ಪ್ರೀತಿಯಲ್ಲಿ ಎಲ್ಲರ ಸೇವಕ.

ಹಾಗಾದರೆ ಕ್ರಿಯೆಗಳು ಅಗತ್ಯವೇ? ಅಗತ್ಯ. ಆಗ್ಸ್‌ಬರ್ಗ್ ಅರಿಕೆಯ ಆರನೆಯ ವಿಧಿ ನಂಬಿಕೆಯು ಒಳ್ಳೆಯ ಫಲ ಕೊಡಲೇಬೇಕು, ದೇವರು ಆಜ್ಞಾಪಿಸಿದ್ದನ್ನು ಮಾಡಲೇಬೇಕು ಎನ್ನುತ್ತದೆ. ಆ ಉಸಿರಿನಲ್ಲೇ, ಅವುಗಳಿಂದ ನೀತೀಕರಣ ಸಿಗುತ್ತದೆಂದು ನೆಚ್ಚಬಾರದು ಎಂದೂ ಸೇರಿಸುತ್ತದೆ. ಎಫೆಸದವರಿಗೆ ಬರೆದ ಪತ್ರದ 2:8–10ರ ಸಾಲುಗಳ ಅನುಕ್ರಮವೂ ಇದೇ. ಕೃಪೆಯಿಂದ ರಕ್ಷಣೆ, ಕ್ರಿಯೆಗಳಿಂದಲ್ಲ. ಅದರ ಬೆನ್ನಿಗೇ, ಸತ್ಕ್ರಿಯೆಗಳಿಗಾಗಿ ನಾವು ಸೃಷ್ಟಿಯಾಗಿದ್ದೇವೆ.

ಈ ಎರಡು ಮಾತನ್ನು ಒಟ್ಟಿಗೆ ಹಿಡಿಯುವುದು ಲೂಥರ್ ತೀರಿಕೊಂಡ (1546) ಕೆಲವೇ ವರ್ಷಗಳಲ್ಲಿ ಕಷ್ಟವಾಯಿತು. ಗೇಯೋರ್ಗ್ ಮಾಯೋರ್ ಎಂಬವರು ಸತ್ಕ್ರಿಯೆ ರಕ್ಷಣೆಗೆ ಅಗತ್ಯ ಎಂದರು. ಜನ ಸಡಿಲವಾಗಬಾರದೆಂಬ ಕಾಳಜಿ ಅವರದು. ಅದಕ್ಕೆ ಎದುರಾಗಿ ನಿಕೋಲಾಸ್ ಫಾನ್ ಆಮ್ಸ್‌ಡೋರ್ಫ್, ಸತ್ಕ್ರಿಯೆ ರಕ್ಷಣೆಗೆ ಹಾನಿಕರ ಎನ್ನುವ ತನಕ ಹೋದರು. ಕಾಂಕಾರ್ಡ್ ಸೂತ್ರದ ನಾಲ್ಕನೆಯ ವಿಧಿ ಎರಡನ್ನೂ ನಿರಾಕರಿಸಿತು. ಮೊದಲನೆಯದು ಮರಣಶಯ್ಯೆಯಲ್ಲಿರುವವನ ಸಮಾಧಾನವನ್ನೇ ಕಸಿಯುತ್ತದೆ. ಎರಡನೆಯದು ಕೇಳುವವರನ್ನು ದಾರಿ ತಪ್ಪಿಸುತ್ತದೆ. ಹಾನಿ ಮಾಡುವುದು ಕ್ರಿಯೆಯಲ್ಲ, ಕ್ರಿಯೆಯ ಮೇಲಿನ ನೆಚ್ಚಿಕೆ. ಸತ್ಕ್ರಿಯೆ ಅಗತ್ಯ, ಆದರೆ ರಕ್ಷಣೆಗಾಗಿ ಅಲ್ಲ: ಇದೇ ಉಳಿದ ಮಾತು.

ಒಂದು ಕ್ರಿಯೆ ಸತ್ಕ್ರಿಯೆ ಆಗಬೇಕಾದರೆ ಏನೇನಿರಬೇಕು?

ಮೊದಲು ನಂಬಿಕೆ. ದೇವರು ನನ್ನನ್ನು ಕ್ರಿಸ್ತನಲ್ಲಿ ಅಂಗೀಕರಿಸಿದ್ದಾನೆಂಬ ಭರವಸೆಯಿಲ್ಲದೆ ಮಾಡಿದ್ದು ಹೊರಗಿನಿಂದ ಎಷ್ಟೇ ಅಂದವಾಗಿದ್ದರೂ ದೇವರ ಮುಂದೆ ಸತ್ಕ್ರಿಯೆಯಲ್ಲ (ರೋಮಾಪುರದವರಿಗೆ 14:23, ಇಬ್ರಿಯರಿಗೆ 11:6). 1520ರಲ್ಲಿ ಸತ್ಕ್ರಿಯೆಗಳ ಕುರಿತಾಗಿಯೇ ಬರೆದ ಗ್ರಂಥದಲ್ಲಿ ಲೂಥರ್, ಎಲ್ಲಕ್ಕೂ ಮೊದಲ ಹಾಗೂ ಶ್ರೇಷ್ಠ ಸತ್ಕ್ರಿಯೆ ಕ್ರಿಸ್ತನಲ್ಲಿಡುವ ನಂಬಿಕೆಯೇ ಎಂದು ಆರಂಭಿಸಿ, ನಂತರ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಬಿಡಿಸುತ್ತಾರೆ.

ಎರಡನೆಯದಾಗಿ ದೇವರ ಆಜ್ಞೆ. ನಾವೇ ಕಲ್ಪಿಸಿಕೊಂಡ ಭಕ್ತಿಕಾರ್ಯ ದೇವರು ಕೇಳಿದ ಕೆಲಸದ ಸ್ಥಾನವನ್ನು ಆಕ್ರಮಿಸಬಾರದು. ಆಗ್ಸ್‌ಬರ್ಗ್ ಅರಿಕೆಯ ಇಪ್ಪತ್ತನೆಯ ವಿಧಿ ಆಗಿನ ಬೋಧಕರನ್ನು ಆಕ್ಷೇಪಿಸಿದ್ದು ಇದಕ್ಕೇ: ಜಪಮಾಲೆ, ತೀರ್ಥಯಾತ್ರೆ, ಗೊತ್ತುಮಾಡಿದ ಉಪವಾಸ, ಸನ್ಯಾಸಗಳನ್ನು ಒತ್ತಿ ಹೇಳಿದರು, ನಂಬಿಕೆಯ ವಿಷಯದಲ್ಲಿ ಮೌನವಾಗಿದ್ದರು.

ಮೂರನೆಯದಾಗಿ ನೆರೆಯವನ ಅಗತ್ಯ. ಇಲ್ಲಿ ಚಿಕ್ಕ ಕ್ಯಾಟಿಕಿಸಂ ತುಂಬ ನೆರವಾಗುತ್ತದೆ, ಏಕೆಂದರೆ ‘ಮಾಡಬೇಡ’ ಎಂಬ ಆಜ್ಞೆಯೊಳಗಿನ ‘ಮಾಡು’ ಎಂಬುದನ್ನು ಅದು ಹೊರತೆಗೆಯುತ್ತದೆ. ಕೊಲ್ಲಬಾರದು ಎಂದರೆ ನೆರೆಯವನ ದೇಹಕ್ಕೆ ಕೇಡು ಮಾಡಬಾರದು, ಅಷ್ಟೇ ಅಲ್ಲ, ದೇಹದ ಪ್ರತಿಯೊಂದು ಕೊರತೆಯಲ್ಲೂ ಅವನಿಗೆ ನೆರವಾಗಬೇಕು. ಕದಿಯಬಾರದು ಎಂದರೆ ಅವನ ಆಸ್ತಿಯನ್ನೂ ಜೀವನೋಪಾಯವನ್ನೂ ಕಾಪಾಡಿ ಹೆಚ್ಚಿಸಲು ಸಹಾಯ ಮಾಡಬೇಕು. ಸುಳ್ಳುಸಾಕ್ಷಿ ಹೇಳಬಾರದು ಎಂದರೆ ಅವನ ಪರ ನಿಲ್ಲಬೇಕು, ಅವನ ಬಗ್ಗೆ ಒಳ್ಳೆಯದನ್ನಾಡಬೇಕು, ಅವನು ಮಾಡಿದ್ದಕ್ಕೆಲ್ಲ ಆದಷ್ಟು ಒಳ್ಳೆಯ ಅರ್ಥ ಕೊಡಬೇಕು. ಈ ಕೊನೆಯದನ್ನು ಒಂದು ವಾರ ಪ್ರಾಮಾಣಿಕವಾಗಿ ಪಾಲಿಸಲು ಹೊರಟವರಿಗೆ ಧರ್ಮಶಾಸ್ತ್ರದ, ಅಂದರೆ ದೇವರ ಆಜ್ಞೆಗಳ, ಆಳ ಎಷ್ಟೆಂದು ಗೊತ್ತಾಗುತ್ತದೆ.

ಎಲ್ಲಿ ಆರಂಭಿಸಬೇಕೆಂದು ಹುಡುಕಬೇಕಾಗಿಲ್ಲ. ತಂದೆ, ತಾಯಿ, ಮಗ, ಮಗಳು, ಗಂಡ, ಹೆಂಡತಿ, ಕೆಲಸಗಾರ, ಅಧಿಕಾರಿ: ದೇವರು ಇಟ್ಟಿರುವ ಸ್ಥಾನವೇ ಕೆಲಸವನ್ನು ತೋರಿಸುತ್ತದೆ. ರಾತ್ರಿ ಎದ್ದು ಮಗುವಿನ ಬಟ್ಟೆ ಬದಲಿಸುವ ತಂದೆ ನಂಬಿಕೆಯಿಂದ ಅದನ್ನು ಮಾಡಿದರೆ, ಅದು ಮಠದ ಪ್ರಾರ್ಥನೆಗಿಂತ ಕೆಳಗಿನದಲ್ಲ.

ನಂಬದವರು ಮಾಡುವ ಒಳ್ಳೆಯ ಕೆಲಸಕ್ಕೆ ಬೆಲೆಯಿಲ್ಲವೇ?

ಇದೆ. ಆಗ್ಸ್‌ಬರ್ಗ್ ಅರಿಕೆಯ ಹದಿನೆಂಟನೆಯ ವಿಧಿ ಲೌಕಿಕ ನೀತಿಯನ್ನು ಮನುಷ್ಯನ ಇಚ್ಛೆ ಒಂದು ಮಟ್ಟಿಗೆ ಸಾಧಿಸಬಲ್ಲದೆಂದು ಒಪ್ಪುತ್ತದೆ. ಅದು ಸಮಾಜಕ್ಕೆ ಒಳಿತು, ದೇವರು ಅದನ್ನು ಬಯಸುತ್ತಾನೆ. ಅದರಿಂದ ಪಾಪಕ್ಷಮೆ ಸಿಗದು ಎಂಬುದಷ್ಟೇ ವಾದ.

ಪವಿತ್ರೀಕರಣದಲ್ಲಿ ಕೆಲಸ ಯಾರದು, ದೇವರದೋ ನಮ್ಮದೋ?

ದೇವರ ಕಡೆಗೆ ತಿರುಗುವ ಮಾನಸಾಂತರದಲ್ಲಿ ನಮ್ಮ ಪಾಲು ಏನೂ ಇಲ್ಲ. ಪವಿತ್ರಾತ್ಮನು ಹೊಸ ಜೀವವನ್ನು ಆರಂಭಿಸಿದ ಮೇಲೆ ಆತನು ಕೊಟ್ಟ ಹೊಸ ಶಕ್ತಿಯಿಂದ ನಾವೂ ಕೆಲಸ ಮಾಡುತ್ತೇವೆ, ದೊಡ್ಡ ಬಲಹೀನತೆಯಲ್ಲೇ ಆದರೂ. ಕಾಂಕಾರ್ಡ್ ಸೂತ್ರದ ಎರಡನೆಯ ವಿಧಿ ಇಲ್ಲಿ ಎಚ್ಚರಿಸುತ್ತದೆ: ಇದು ಎರಡು ಕುದುರೆಗಳು ಜೊತೆಯಾಗಿ ಒಂದು ಬಂಡಿ ಎಳೆದ ಹಾಗಲ್ಲ. ದೇವರು ಅರ್ಧ, ನಾವು ಅರ್ಧ ಎಂಬ ಪಾಲುಗಾರಿಕೆ ಇಲ್ಲ. ಆತನು ಕೈಬಿಟ್ಟ ಕ್ಷಣ ನಮ್ಮಲ್ಲಿ ಏನೂ ಉಳಿಯದು. ಫಿಲಿಪ್ಪಿಯವರಿಗೆ 2:12–13ರಲ್ಲಿ ಪೌಲನು ಪ್ರಯಾಸಪಡಿರಿ ಎನ್ನುವುದೂ, ಇಚ್ಛೆಯನ್ನೂ ಕಾರ್ಯವನ್ನೂ ಉಂಟುಮಾಡುವವನು ದೇವರೇ ಎನ್ನುವುದೂ ಒಂದೇ ಮಾತಿನ ಓಟದಲ್ಲಿ.

ಆದ್ದರಿಂದ ಸುಮ್ಮನೆ ಕುಳಿತು ಪವಿತ್ರಾತ್ಮನು ಏನಾದರೂ ಮಾಡಲಿ ಎಂದು ಕಾಯುವುದು ಲೂಥರನ್ ಬೋಧನೆಯಲ್ಲ. ಆತನು ಕೆಲಸ ಮಾಡುವುದು ವಾಕ್ಯ, ದೀಕ್ಷಾಸ್ನಾನ, ಪಾಪಕ್ಷಮೆಯ ಘೋಷಣೆ, ಕರ್ತನ ಭೋಜನ ಎಂಬ ಸಾಧನಗಳ ಮೂಲಕ. ಅವುಗಳಿಂದ ದೂರ ಉಳಿದು ಪವಿತ್ರತೆಯಲ್ಲಿ ಬೆಳೆಯಲು ಹೊರಟವರು ಬಹುಬೇಗ ಬಳಲುತ್ತಾರೆ, ಇಲ್ಲವೇ ತಮ್ಮ ಬಗ್ಗೆ ತಾವೇ ಹೆಮ್ಮೆಪಡತೊಡಗುತ್ತಾರೆ.

ಕ್ರೈಸ್ತನು ‘ಏಕಕಾಲಕ್ಕೆ ನೀತಿವಂತ ಮತ್ತು ಪಾಪಿ’ ಎಂಬ ಲೂಥರನ್ ಮಾತು ಪಾಪಕ್ಕೆ ರಿಯಾಯಿತಿ ಕೊಟ್ಟಂತಲ್ಲವೇ?

ಅಲ್ಲ. ಕ್ರಿಸ್ತನಲ್ಲಿ ನಾನು ಸಂಪೂರ್ಣ ನೀತಿವಂತ; ನನ್ನಷ್ಟಕ್ಕೆ ನೋಡಿದರೆ ಪಾಪಿ. ಕ್ರೈಸ್ತನಲ್ಲಿ ಹೊಸ ಮನುಷ್ಯನೂ ಹಳೆಯ ಸ್ವಭಾವವೂ ಹೋರಾಡುತ್ತಿರುತ್ತವೆ (ರೋಮಾಪುರದವರಿಗೆ 7, ಗಲಾತ್ಯದವರಿಗೆ 5:17). ಹೋರಾಟವಿದೆ ಎಂಬುದೇ ಮುಖ್ಯ. ಪಾಪದೊಡನೆ ಸಂಧಿ ಮಾಡಿಕೊಂಡು ಈ ಮಾತನ್ನು ಗುರಾಣಿಯಾಗಿ ಹಿಡಿದರೆ ಅದು ಮಾತಿನ ದುರುಪಯೋಗ.

ಧರ್ಮಶಾಸ್ತ್ರದ ಮೂರು ಉಪಯೋಗಗಳು ಯಾವುವು? ಮೂರನೆಯದರ ಬಗ್ಗೆ ಇಷ್ಟು ವಾದ ಏಕೆ?

ಮೊದಲನೆಯದು ಕಡಿವಾಣ: ಬೆದರಿಕೆ, ಶಿಕ್ಷೆಗಳಿಂದ ಹೊರಗಿನ ಕೇಡನ್ನು ತಡೆಯುವುದು. ಎರಡನೆಯದು ಕನ್ನಡಿ: ಪಾಪವನ್ನು ತೋರಿಸಿ ಕ್ರಿಸ್ತನ ಅಗತ್ಯವನ್ನು ಅರಿವಿಗೆ ತರುವುದು. ಮೂರನೆಯದು ಮಾರ್ಗಸೂಚಿ: ನಂಬಿದವರಿಗೆ ದೇವರು ಮೆಚ್ಚುವ ನಡತೆ ಯಾವುದೆಂದು ಕಲಿಸುವುದು. ಮೂರಾಗಿ ಎಣಿಸುವ ಕ್ರಮವನ್ನು ಬೆಳೆಸಿದವರು ಲೂಥರ್ ಅವರ ಸಹೋದ್ಯೋಗಿ ಫಿಲಿಪ್ ಮೆಲಾಂಕ್ಟನ್, 1530ರ ದಶಕದಲ್ಲಿ. ಲೂಥರ್‌ಗೆ ಎರಡನೆಯದೇ ಪ್ರಧಾನ. ಸ್ಮಾಲ್ಕಾಲ್ಡ್ ವಿಧಿಗಳಲ್ಲಿ ಅವರು ಅದನ್ನು ನೇರವಾಗಿಯೇ ಹೇಳುತ್ತಾರೆ.

ವಾದ ಎರಡು ಕಡೆಯಿಂದ ಬಂತು. ಯೋಹಾನ್ ಅಗ್ರಿಕೋಲ ಎಂಬ ಲೂಥರನ್ ಬೋಧಕರು ಪಶ್ಚಾತ್ತಾಪವನ್ನು ಸುವಾರ್ತೆಯಿಂದಲೇ ಹುಟ್ಟಿಸಬೇಕು, ಸಭೆಯಲ್ಲಿ ಧರ್ಮಶಾಸ್ತ್ರದ ಬೋಧನೆ ಬೇಡ ಎಂದರು. 1537ರಿಂದ 1540ರವರೆಗೆ ಲೂಥರ್ ಅದರ ವಿರುದ್ಧ ಸಾಲು ಸಾಲಾಗಿ ಚರ್ಚಾಪ್ರಬಂಧಗಳನ್ನು ಬರೆದರು. ಧರ್ಮಶಾಸ್ತ್ರವನ್ನು ತೆಗೆದರೆ ಪಾಪದ ಅರಿವು ಹೋಗುತ್ತದೆ, ಪಾಪದ ಅರಿವು ಹೋದರೆ ಕ್ರಿಸ್ತನು ಬೇಡವಾಗುತ್ತಾನೆ ಎಂಬುದು ಅವರ ತರ್ಕ. ಇನ್ನೊಂದು ಕಡೆಯಿಂದ, ನಂಬಿದವರಿಗೆ ಧರ್ಮಶಾಸ್ತ್ರ ಬರೀ ಮಾರ್ಗದರ್ಶಿ, ಇನ್ನು ಆಪಾದಿಸುವುದಿಲ್ಲ ಎಂಬ ಭಾವನೆ. ಅದಕ್ಕೆ ಆಗ್ಸ್‌ಬರ್ಗ್ ಅರಿಕೆಯ ಸಮರ್ಥನೆಯ ಉತ್ತರ ಚುಟುಕು: ಧರ್ಮಶಾಸ್ತ್ರ ಯಾವಾಗಲೂ ಆಪಾದಿಸುತ್ತದೆ.

ಕಾಂಕಾರ್ಡ್ ಸೂತ್ರದ ಆರನೆಯ ವಿಧಿ ಮೂರನೆಯ ಉಪಯೋಗವನ್ನು ಉಳಿಸಿಕೊಂಡಿತು. ನಂಬಿದವನು ಪೂರ್ತಿ ಹೊಸಬನಾಗಿದ್ದರೆ, ಸೂರ್ಯ ಚಂದ್ರರು ತಮ್ಮ ದಾರಿಯಲ್ಲಿ ತಾವೇ ಸಾಗುವ ಹಾಗೆ, ಯಾರೂ ಹೇಳದೆ ದೇವರ ಚಿತ್ತ ಮಾಡುತ್ತಿದ್ದನು. ಹಳೆಯ ಸ್ವಭಾವ ಇನ್ನೂ ಅಂಟಿಕೊಂಡಿರುವುದರಿಂದ ಅವನಿಗೆ ಬೋಧನೆ, ಗದರಿಕೆ ಎರಡೂ ಬೇಕು ಎಂಬುದು ಅದರ ವಿವರಣೆ. ಇಪ್ಪತ್ತನೆಯ ಶತಮಾನದಲ್ಲಿ ವೆರ್ನರ್ ಎಲರ್ಟ್, ಗೆರ್ಹಾರ್ಡ್ ಫೋರ್ಡಿಯಂಥ ಲೂಥರನ್ ದೇವಶಾಸ್ತ್ರಜ್ಞರು ಮೂರನೆಯ ಉಪಯೋಗದ ಮಾತನ್ನು ಪ್ರಶ್ನಿಸಿದರು. ನಮ್ಮ ನಿಲುವು ಸೂತ್ರದ ಪರ. ಆಜ್ಞೆಯೊಂದೇ, ಕೇಳುವವನಿಗೆ ಅದು ಕನ್ನಡಿಯಾಗುತ್ತದೋ ದಾರಿ ತೋರಿಸುತ್ತದೋ ಎಂಬುದನ್ನು ಪವಿತ್ರಾತ್ಮನು ನಿರ್ಧರಿಸುತ್ತಾನೆ, ಬೋಧಕನಲ್ಲ.

ಲೂಥರನ್ನರ ಹತ್ತು ಆಜ್ಞೆಗಳ ಸಂಖ್ಯೆ ಬೇರೆ ಏಕೆ? ಹಳೆಯ ಒಡಂಬಡಿಕೆಯ ಎಲ್ಲ ಕಟ್ಟಳೆಗಳೂ ನಮಗೆ ಅನ್ವಯವೇ?

ಬೈಬಲು ಹತ್ತು ಎನ್ನುತ್ತದೆ, ಒಂದೊಂದಕ್ಕೂ ಸಂಖ್ಯೆ ಕೊಡುವುದಿಲ್ಲ. ಪಶ್ಚಿಮದ ಹಳೆಯ ಪದ್ಧತಿಯನ್ನು ಅನುಸರಿಸಿ ಲೂಥರನ್ನರು ವಿಗ್ರಹದ ನಿಷೇಧವನ್ನು ಮೊದಲನೆಯ ಆಜ್ಞೆಯೊಳಗೇ ಸೇರಿಸುತ್ತಾರೆ, ಆಶಿಸಬಾರದೆಂಬುದನ್ನು ಒಂಬತ್ತು ಮತ್ತು ಹತ್ತಾಗಿ ಬಿಡಿಸುತ್ತಾರೆ. ಹೀಗಾಗಿ ಸಬ್ಬತ್ತು ಮೂರನೆಯದು, ತಂದೆತಾಯಿಗಳ ಗೌರವ ನಾಲ್ಕನೆಯದು, ಕೊಲೆ ಐದನೆಯದು. ಕ್ಯಾಲ್ವಿನ್ ಪರಂಪರೆಯ ಸುಧಾರಿತ ಸಭೆಗಳ ಪುಸ್ತಕ ಕೈಯಲ್ಲಿದ್ದರೆ ಎರಡರಿಂದ ಒಂಬತ್ತರವರೆಗೆ ಒಂದೊಂದು ಸಂಖ್ಯೆ ಸರಿದಿರುತ್ತದೆ. ಮಕ್ಕಳಿಗೆ ಕಲಿಸುವಾಗ ಇದನ್ನು ಮೊದಲೇ ನೋಡಿಕೊಳ್ಳಿ.

ಮೋಶೆಯ ಧರ್ಮಶಾಸ್ತ್ರವು ಇಸ್ರಾಯೇಲ್ಯರಿಗೆ ಕೊಟ್ಟದ್ದು. ಬಲಿ, ಆಹಾರ, ಹಬ್ಬಗಳ ಕಟ್ಟಳೆಗಳು ಕ್ರಿಸ್ತನಲ್ಲಿ ನೆರವೇರಿವೆ. ಆ ರಾಜ್ಯದ ನ್ಯಾಯವಿಧಿಗಳು ಆ ರಾಜ್ಯದೊಂದಿಗೆ ಮುಗಿದವು. ಎಲ್ಲ ಮನುಷ್ಯರ ಹೃದಯದಲ್ಲೂ ಬರೆದಿರುವ ನೈತಿಕ ನಿಯಮವನ್ನು ಹತ್ತು ಆಜ್ಞೆಗಳು ಸ್ಪಷ್ಟವಾಗಿ ಹೇಳುವುದರಿಂದ ಅವು ನಮ್ಮನ್ನು ಕಟ್ಟುತ್ತವೆ. ಭಾನುವಾರದ ಆಚರಣೆ ಸಭೆಯ ಸುವ್ಯವಸ್ಥೆಗಾಗಿ ಮಾಡಿಕೊಂಡದ್ದು ಎಂದು ಆಗ್ಸ್‌ಬರ್ಗ್ ಅರಿಕೆಯ ಇಪ್ಪತ್ತೆಂಟನೆಯ ವಿಧಿ ಹೇಳುತ್ತದೆ. ಉಳಿಯುವುದು ದಿನವಲ್ಲ; ದೇವರ ವಾಕ್ಯವನ್ನು ತಾತ್ಸಾರ ಮಾಡದೆ ಸಂತೋಷದಿಂದ ಕೇಳಿ ಕಲಿಯಬೇಕೆಂಬುದು.

ಧರ್ಮಶಾಸ್ತ್ರ, ಸುವಾರ್ತೆಗಳ ಬೋಧನೆಯಲ್ಲಿ ಸಾಮಾನ್ಯವಾಗಿ ಏನು ತಪ್ಪುತ್ತದೆ?

ಧರ್ಮಶಾಸ್ತ್ರ ದೇವರು ನಮ್ಮಿಂದ ಏನು ಕೇಳುತ್ತಾನೆಂದು ಹೇಳುತ್ತದೆ. ಸುವಾರ್ತೆ ದೇವರು ನಮಗಾಗಿ ಏನು ಮಾಡಿದ್ದಾನೆಂದು. ಅಮೆರಿಕದ ಲೂಥರನ್ ದೇವಶಾಸ್ತ್ರಜ್ಞ ಸಿ. ಎಫ್. ಡಬ್ಲ್ಯು. ವಾಲ್ಥರ್ 1884–85ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕೊಟ್ಟ ಸಂಜೆಯ ಉಪನ್ಯಾಸಗಳಲ್ಲಿ ಈ ಭೇದವನ್ನು 25 ಪ್ರಮೇಯಗಳಾಗಿ ಬಿಡಿಸಿದರು. ಅವುಗಳಲ್ಲಿ ಪ್ರತಿ ಸಭಾಪಾಲಕನೂ ನೆನಪಿಡಬೇಕಾದ್ದು ಇದು: ಪಾಪದಿಂದ ಆಗಲೇ ನಡುಗುತ್ತಿರುವವನಿಗೆ ಧರ್ಮಶಾಸ್ತ್ರವನ್ನು, ಪಾಪದಲ್ಲಿ ನಿಶ್ಚಿಂತನಾಗಿರುವವನಿಗೆ ಸುವಾರ್ತೆಯನ್ನು ಹೇಳಿದರೆ ವಾಕ್ಯವನ್ನು ಸರಿಯಾಗಿ ವಿಭಾಗಿಸಿದಂತಾಗದು.

ಪ್ರಸಂಗದಲ್ಲಿ ಕಾಣುವ ತಪ್ಪುಗಳು ಇನ್ನೂ ಸೂಕ್ಷ್ಮ. ಧರ್ಮಶಾಸ್ತ್ರವನ್ನು ತೆಳುಮಾಡಿ, ಪ್ರಯತ್ನಪಟ್ಟರೆ ಪಾಲಿಸಬಹುದಾದ ಸಲಹೆಗಳನ್ನಾಗಿಸುವುದು ಒಂದು. ಕೇಳಿದವರು ತಾವು ಸರಿಯಿದ್ದೇವೆಂದುಕೊಂಡು ಮನೆಗೆ ಹೋಗುತ್ತಾರೆ. ಕ್ಷಮೆಗೆ ಷರತ್ತು ಸೇರಿಸುವುದು ಇನ್ನೊಂದು: ನಿಜವಾಗಿ ಪಶ್ಚಾತ್ತಾಪಪಟ್ಟಿದ್ದರೆ, ಮನಸಾರೆ ಒಪ್ಪಿಸಿಕೊಟ್ಟಿದ್ದರೆ ಎಂದು. ಕೇಳುವವನು ಆಗ ತನ್ನ ಪಶ್ಚಾತ್ತಾಪದ ಆಳವನ್ನು ಅಳೆಯತೊಡಗುತ್ತಾನೆ, ಕ್ರಿಸ್ತನು ಕಣ್ಮರೆಯಾಗುತ್ತಾನೆ. ಮೂರನೆಯದು, ಪ್ರಸಂಗದ ನಡುವೆ ಸುವಾರ್ತೆ ಹೇಳಿ, ಕೊನೆಯಲ್ಲಿ ಮಾಡಬೇಕಾದ ಕೆಲಸಗಳ ಪಟ್ಟಿ ಕೊಟ್ಟು ಮುಗಿಸುವುದು. ಜನ ಬಾಗಿಲು ದಾಟುವಾಗ ಕಿವಿಯಲ್ಲಿ ಉಳಿಯುವುದು ಕೊನೆಯ ಮಾತು. ಪ್ರಸಂಗವನ್ನು ಬರೆದ ಮೇಲೆ ‘ಬೇಕು’, ‘ಬಾರದು’ ಇರುವ ವಾಕ್ಯಗಳಿಗೂ, ಕ್ರಿಸ್ತನೇ ಕರ್ತೃವಾಗಿರುವ ವಾಕ್ಯಗಳಿಗೂ ಅಡಿಗೆರೆ ಎಳೆದು ನೋಡಿ. ಯಾವುದು ಮೇಲುಗೈ ಪಡೆದಿದೆ ಎಂಬುದು ಅಲ್ಲೇ ಕಾಣುತ್ತದೆ.

ಕ್ರಿಯೆಗಳಿಂದಲೂ ನೀತಿವಂತನಾಗುತ್ತಾನೆಂದು ಯಾಕೋಬನು ಹೇಳುತ್ತಾನಲ್ಲ?

ಯಾಕೋಬ 2ರಲ್ಲಿ ಚರ್ಚೆಗೆ ಬಂದಿರುವ ನಂಬಿಕೆ ದೆವ್ವಗಳಿಗೂ ಇರುವಂಥದ್ದು, ಬರೀ ತಿಳಿವಳಿಕೆ. ಅದು ಸತ್ತದ್ದು ಎಂಬುದರಲ್ಲಿ ಪೌಲನಿಗೂ ಭಿನ್ನಾಭಿಪ್ರಾಯವಿಲ್ಲ. ಆಗ್ಸ್‌ಬರ್ಗ್ ಅರಿಕೆಯ ಸಮರ್ಥನೆ ಈ ವಚನವನ್ನು ತಪ್ಪಿಸಿಕೊಳ್ಳದೆ ಎದುರಿಸುತ್ತದೆ: ಆಗಲೇ ಹೊಸದಾಗಿ ಹುಟ್ಟಿದವರ ಕ್ರಿಯೆಗಳ ಬಗ್ಗೆ ಯಾಕೋಬನು ಮಾತಾಡುತ್ತಿದ್ದಾನೆ, ಕ್ಷಮೆ ಪಡೆಯುವ ವಿಧಾನದ ಬಗ್ಗೆ ಅಲ್ಲ. ಲೂಥರ್ ತಮ್ಮ ಹೊಸ ಒಡಂಬಡಿಕೆಯ ಅನುವಾದಕ್ಕೆ 1522ರಲ್ಲಿ ಬರೆದ ಮುನ್ನುಡಿಯಲ್ಲಿ ಈ ಪತ್ರವನ್ನು ಬೇರೆ ಪತ್ರಗಳೆದುರು ಹುಲ್ಲಿನಂಥದ್ದು ಎಂದದ್ದು ನಿಜ. ನಂತರದ ಮುದ್ರಣಗಳಲ್ಲಿ ಆ ಮಾತನ್ನು ಕೈಬಿಡಲಾಯಿತು. ಅದೇ ವರ್ಷ ರೋಮಾಪುರದವರಿಗೆ ಬರೆದ ಪತ್ರದ ಮುನ್ನುಡಿಯಲ್ಲಿ, ನಂಬಿಕೆ ಜೀವಂತ, ಸದಾ ಚಟುವಟಿಕೆಯದು, ಒಳ್ಳೆಯದನ್ನು ಮಾಡಬೇಕೇ ಎಂದು ಕೇಳುವ ಮೊದಲೇ ಮಾಡಿ ಮುಗಿಸಿರುತ್ತದೆ ಎಂದು ಬರೆದವರೂ ಅವರೇ.

ಎಷ್ಟು ವರ್ಷವಾದರೂ ನನ್ನಲ್ಲಿ ಬೆಳವಣಿಗೆ ಕಾಣುತ್ತಿಲ್ಲ. ನನ್ನ ನಂಬಿಕೆ ಸುಳ್ಳೇ?

ಈ ಪ್ರಶ್ನೆ ಕೇಳುವವರಲ್ಲಿ ಬಹುಪಾಲು ಜನರಿಗೆ ಬೇಕಾದದ್ದು ಸುವಾರ್ತೆ. ಪಾಪದ ಬಗ್ಗೆ ದುಃಖವಿರುವುದೂ ದೇವರಿಗಾಗಿ ಹಂಬಲವಿರುವುದೂ ಸತ್ತ ನಂಬಿಕೆಯ ಲಕ್ಷಣವಲ್ಲ. ಬೆಳೆದ ಹಾಗೆ ಪಾಪ ಇನ್ನಷ್ಟು ಸ್ಪಷ್ಟವಾಗಿ ಕಾಣುವುದರಿಂದ, ಪ್ರಗತಿಯೇ ಹಿಂಜರಿಕೆಯಂತೆ ತೋರುವುದೂ ಉಂಟು. ಭರವಸೆಗಾಗಿ ನಿಮ್ಮ ಕ್ರಿಯೆಗಳ ಕಡೆಗೆ ನೋಡಬೇಡಿ. ನಿಮ್ಮ ದೀಕ್ಷಾಸ್ನಾನದಲ್ಲಿ ದೇವರು ಕೊಟ್ಟ ಮಾತಿನ ಕಡೆಗೆ ನೋಡಿ. ನಿಮಗಾಗಿ ಕೊಡಲ್ಪಟ್ಟ ದೇಹ, ಸುರಿಸಲ್ಪಟ್ಟ ರಕ್ತದ ಕಡೆಗೆ ನೋಡಿ. ಕಾಡುವ ಪಾಪವಿದ್ದರೆ ಸಭಾಪಾಲಕರ ಬಳಿ ಖಾಸಗಿಯಾಗಿ ಅರಿಕೆಮಾಡಿ, ಕ್ಷಮೆಯ ಮಾತನ್ನು ಕಿವಿಯಾರೆ ಕೇಳಿ. ಲೂಥರನ್ ಅರಿಕೆಗಳು ಈ ಪದ್ಧತಿಯನ್ನು ರದ್ದುಮಾಡಿಲ್ಲ; ಆಗ್ಸ್‌ಬರ್ಗ್ ಅರಿಕೆಯ ಹನ್ನೊಂದನೆಯ ವಿಧಿ ಅದನ್ನು ಉಳಿಸಿಕೊಳ್ಳಬೇಕೆನ್ನುತ್ತದೆ, ಎಲ್ಲ ಪಾಪಗಳನ್ನೂ ಎಣಿಸಿ ಹೇಳಬೇಕೆಂಬ ಒತ್ತಾಯವಿಲ್ಲದೆ.

ಬೇಕೆಂದೇ ಪಾಪದಲ್ಲಿ ಮುಂದುವರಿದರೂ ನಂಬಿಕೆ ಉಳಿಯುತ್ತದೆಯೇ?

ಇಲ್ಲ. ದಾವೀದನು ವ್ಯಭಿಚಾರ, ಕೊಲೆಗಳಲ್ಲಿ ಬಿದ್ದಾಗ ನಂಬಿಕೆಯೂ ಪವಿತ್ರಾತ್ಮನೂ ಅವನನ್ನು ಬಿಟ್ಟುಹೋಗಿದ್ದವು ಎಂದು ಸ್ಮಾಲ್ಕಾಲ್ಡ್ ವಿಧಿಗಳು ಹೇಳುತ್ತವೆ. ನೀತಿವಂತನಾದವನು ಪವಿತ್ರಾತ್ಮನನ್ನು ಕಳೆದುಕೊಳ್ಳಲಾರನೆಂಬ ಬೋಧನೆಯನ್ನೂ, ಈ ಜೀವನದಲ್ಲೇ ಪಾಪರಹಿತನಾಗಬಹುದೆಂಬ ಬೋಧನೆಯನ್ನೂ ಆಗ್ಸ್‌ಬರ್ಗ್ ಅರಿಕೆಯ ಹನ್ನೆರಡನೆಯ ವಿಧಿ ಖಂಡಿಸುತ್ತದೆ. ಬಿದ್ದವನು ಹಿಂದಿರುಗಿದಾಗಲೆಲ್ಲ ಕ್ಷಮೆ ಇದೆ ಎಂಬುದೂ ಅದೇ ವಿಧಿಯ ಮಾತು.

ಬೇರೆ ಸಭೆಗಳ ಬೋಧನೆಗೂ ಇದಕ್ಕೂ ಅಂತರವೆಲ್ಲಿ?

ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ (1547) ನೀತೀಕರಣದೊಳಗೇ ಒಳಗಿನ ನವೀಕರಣವನ್ನು ಸೇರಿಸಿತು. ಸತ್ಕ್ರಿಯೆಗಳು ನೀತೀಕರಣದ ಫಲ ಮಾತ್ರ, ಅದನ್ನು ಹೆಚ್ಚಿಸುವ ಕಾರಣವಲ್ಲ ಎನ್ನುವವರನ್ನು ಖಂಡಿಸಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕ್ಯಾಥೊಲಿಕ್ ಸಭೆಯೂ ನೀತೀಕರಣದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು. ಅಮೆರಿಕದ ಮಿಸೌರಿ ಸಿನಡ್‌ನಂಥ ಕೆಲವು ಲೂಥರನ್ ಸಭೆಗಳು ಅದನ್ನು ಒಪ್ಪಲಿಲ್ಲ. ಸುಧಾರಿತ ಸಭೆಗಳ ಬೋಧಕ ಕ್ಯಾಲ್ವಿನ್, ಧರ್ಮಶಾಸ್ತ್ರದ ಮೂರನೆಯ ಉಪಯೋಗವನ್ನೇ ಪ್ರಧಾನವೆಂದರು. ಅದರಿಂದ ಬೋಧನೆಯ ಒತ್ತು ಬೇರೆಯಾಗುತ್ತದೆ. ಮೆಥೊಡಿಸ್ಟ್ ಚಳವಳಿಯ ನಾಯಕ ವೆಸ್ಲಿ ಈ ಜೀವನದಲ್ಲೇ ಪ್ರೀತಿಯಲ್ಲಿ ಪರಿಪೂರ್ಣತೆ ಸಾಧ್ಯವೆಂದರು. ಲೂಥರನ್ನರು ಅದನ್ನು ಒಪ್ಪುವುದಿಲ್ಲ.

ಸತ್ಕ್ರಿಯೆಗಳಿಗೆ ಪ್ರತಿಫಲ ಇದೆಯೇ?

ಇದೆ. ಪಾಪಕ್ಷಮೆ, ನಿತ್ಯಜೀವಗಳು ಪ್ರತಿಫಲವಾಗಿ ಬರುವುದಿಲ್ಲ, ಅವು ಉಡುಗೊರೆ. ಉಳಿದಂತೆ ಇಹದಲ್ಲೂ ಪರದಲ್ಲೂ ದೇವರು ತಾನು ಮಾತುಕೊಟ್ಟ ಪ್ರತಿಫಲಗಳನ್ನು ಕೊಡುತ್ತಾನೆಂದು ಸಮರ್ಥನೆಯ ನಾಲ್ಕನೆಯ ವಿಧಿ ಮುಜುಗರವಿಲ್ಲದೆ ಹೇಳುತ್ತದೆ.

ದಿನನಿತ್ಯ ಇದನ್ನು ಅಭ್ಯಾಸ ಮಾಡುವುದು ಹೇಗೆ?

ಚಿಕ್ಕ ಕ್ಯಾಟಿಕಿಸಂ ಕೊಡುವ ಕ್ರಮ ಸರಳ. ಎದ್ದ ಕೂಡಲೇ ಶಿಲುಬೆಯ ಗುರುತು ಮಾಡಿ ತ್ರಿಯೇಕ ದೇವರ ಹೆಸರು ಹೇಳಿ. ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆಗಳನ್ನು ಹೇಳಿ, ಬೇಕಿದ್ದರೆ ಬೆಳಗಿನ ಕಿರುಪ್ರಾರ್ಥನೆ ಸೇರಿಸಿ, ಸಂತೋಷದಿಂದ ಕೆಲಸಕ್ಕೆ ಹೋಗಿ. ರಾತ್ರಿಯೂ ಹಾಗೆಯೇ, ಕೊನೆಗೆ ನೆಮ್ಮದಿಯಾಗಿ ಮಲಗಬೇಕೆಂಬುದೂ ಆ ಸೂಚನೆಯ ಭಾಗ. ದಿನದ ಪಾಪಗಳ ಬಗ್ಗೆ ರಾತ್ರಿಯಿಡೀ ಲೆಕ್ಕಹಾಕಬೇಕಾಗಿಲ್ಲ.

ಇದಕ್ಕಿಂತ ಮುಂದೆ ಹೋಗಬೇಕೆನ್ನುವವರಿಗೆ, 1535ರಲ್ಲಿ ಲೂಥರ್ ತಮ್ಮ ಕ್ಷೌರಿಕ ಪೇಟರ್‌ಗೆ ಪ್ರಾರ್ಥಿಸುವ ಬಗೆಯನ್ನು ಕಲಿಸುತ್ತ ಬರೆದ ಕ್ರಮವಿದೆ. ಒಂದು ಆಜ್ಞೆಯನ್ನು ತೆಗೆದುಕೊಂಡು ಅದನ್ನು ನಾಲ್ಕು ಎಳೆಯಾಗಿ ಬಿಡಿಸುವುದು: ದೇವರು ಇಲ್ಲಿ ಏನು ಕಲಿಸುತ್ತಾನೆ, ಯಾವುದಕ್ಕೆ ಕೃತಜ್ಞತೆ ಹೇಳಬೇಕು, ಯಾವ ಪಾಪವನ್ನು ಅರಿಕೆಮಾಡಬೇಕು, ಏನನ್ನು ಬೇಡಬೇಕು. ಏಳನೆಯ ಆಜ್ಞೆಯನ್ನೇ ನೋಡಿ. ಕದಿಯಬಾರದೆಂಬುದರಲ್ಲಿ ನೆರೆಯವನ ಆಸ್ತಿಗೂ ದೇವರೇ ಕಾವಲು ಎಂಬ ಪಾಠವಿದೆ. ಹಾಗೆಯೇ ನನ್ನದನ್ನೂ ಆತನು ಕಾಯುತ್ತಿರುವುದಕ್ಕೆ ಕೃತಜ್ಞತೆ. ಕೆಲಸದ ಹೊತ್ತನ್ನು ಕದ್ದದ್ದು, ಕೊಡಬೇಕಾದ ಕೂಲಿಯನ್ನು ತಡಮಾಡಿದ್ದು ಅರಿಕೆಗೆ ಬರುತ್ತದೆ. ಕೈ ಬಿಚ್ಚಿ ಕೊಡುವ ಮನಸ್ಸಿಗಾಗಿ ಬೇಡಿಕೆ. ಒಂದು ಸಲಕ್ಕೆ ಒಂದು ಆಜ್ಞೆ ಸಾಕು. ಎಲ್ಲವನ್ನೂ ಮುಗಿಸಲೇಬೇಕೆಂದು ಹಟ ಹಿಡಿದರೆ ಬಾಯಿಪಾಠವಾಗಿಬಿಡುತ್ತದೆ. ನಡುವೆ ಯಾವುದಾದರೂ ಒಂದು ಯೋಚನೆ ಹೃದಯವನ್ನು ಬೆಚ್ಚಗೆ ಮಾಡಿದರೆ ಉಳಿದದ್ದನ್ನು ಬಿಟ್ಟು ಅಲ್ಲೇ ನಿಂತು ಕೇಳಬೇಕು, ಏಕೆಂದರೆ ಆಗ ಮಾತಾಡುತ್ತಿರುವವನು ಪವಿತ್ರಾತ್ಮನು ಎಂದು ಲೂಥರ್ ಪೇಟರ್‌ಗೆ ಹೇಳುತ್ತಾರೆ.